ಓಡಲೆಂದೇ ಕಟ್ಟಿದ ಮೈ

ಮುಧೋಳ ನಾಯಿ ತರಬೇಕು ಅಂದುಕೊಂಡವರು ನನ್ನನ್ನು ಸಾಮಾನ್ಯವಾಗಿ ಎರಡು ವಿಷಯ ಕೇಳುತ್ತಾರೆ. ಸ್ವಭಾವ ಹೇಗೆ? ಆರೋಗ್ಯ ಹೇಗೆ? ಇವೆರಡಕ್ಕೂ ಸಂಬಂಧವೇ ಇಲ್ಲ ಅನ್ನೋ ಥರ, ಒಂದರ ಉತ್ತರ ಮುಗಿದ ಮೇಲೆ ಇನ್ನೊಂದನ್ನು ಕೇಳುತ್ತಾರೆ. ನಮ್ಮ ಮುಧೋಳ ನಾಯಿ ಚಿಗರಿ ಮನೆಗೆ ಬಂದು ಹತ್ತು ವರ್ಷ ದಾಟಿತು. ಅವಳ ಜತೆ ಇಷ್ಟು ಕಾಲ ಕಳೆದ ಮೇಲೆ ಎರಡೂ ಒಂದೇ ಪ್ರಶ್ನೆ ಅಂತ ನನಗೆ ಖಾತ್ರಿಯಾಗಿದೆ.

ಇದು ದೂರದಲ್ಲಿ ಅಲುಗಾಡುವುದನ್ನು ಕಣ್ಣಿನಿಂದ ಹಿಡಿದು, ಓಡಿ ಬೆನ್ನಟ್ಟಲಿ ಅಂತ ತಲೆಮಾರುಗಳಿಂದ ಆರಿಸಿ ಬೆಳೆಸಿದ ನಾಯಿ. ಅದು ಕರೆದರೆ ಬರದೇ ಇರುವುದು, ಹೊಸಬರು ಮುಟ್ಟಿದರೆ ಹಿಂದೆ ಸರಿಯುವುದು, ಇಡೀ ಮಧ್ಯಾಹ್ನ ಅಲ್ಲಾಡದೆ ಮಲಗುವುದು, ಇವೆಲ್ಲ ಸ್ವಭಾವದ ಮಾತು. ತೆಳು ಚರ್ಮ, ಆಳವಾದ ಎದೆ, ಕೊಬ್ಬಿಲ್ಲದ ಮೈ, ಅರಿವಳಿಕೆ ಕೊಟ್ಟರೆ ಬೇಗ ಏಳದಿರುವುದು, ಇವು ಆರೋಗ್ಯದ ಮಾತು. ಆದರೆ ಎಲ್ಲದರ ಬೇರು ಓಟದಲ್ಲೇ ಇದೆ. ಓಟವನ್ನು ಮರೆತು ಸಾಕಿದರೆ ಸ್ವಭಾವವೂ ಕೆಡುತ್ತದೆ, ಮೈಯೂ ಕೆಡುತ್ತದೆ.

ನನ್ನ ಸೋದರಮಾವನ ಊರು ಮುಧೋಳದ ಹತ್ತಿರ. ಬಾಗಲಕೋಟೆ ಜಿಲ್ಲೆಯ ಆ ಸೀಮೆಯಲ್ಲಿ ಈ ನಾಯಿ ದೊಡ್ಡ ಸುದ್ದಿಯೇನಲ್ಲ. ಹೊಲದ ಮನೆಯಲ್ಲಿ ಎರಡು ಎಮ್ಮೆ, ನಾಲ್ಕು ಆಡು ಇದ್ದಂತೆ ಇದೂ ಒಂದು ಇರುತ್ತದೆ. ಮಧ್ಯ ಏಷ್ಯಾ, ಪರ್ಷಿಯಾ ಕಡೆಯ ಬೇಟೆ ನಾಯಿಗಳು ವ್ಯಾಪಾರಿಗಳ, ಸೈನ್ಯಗಳ ಜತೆ ದಖನ್ನಿಗೆ ಬಂದು ಇಲ್ಲಿ ಬೆರೆತವು ಅಂತ ಹೇಳುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಮುಧೋಳ ಸಂಸ್ಥಾನವನ್ನು ಆಳಿದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರು ಅಲ್ಲಿನ ಬೇಡರ ಬಳಿ ಇದ್ದ ಈ ನಾಯಿಗಳನ್ನು ಗಮನಿಸಿ, ಒಳ್ಳೆಯವನ್ನು ಆರಿಸಿ ತಳಿ ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು ಅನ್ನುವುದನ್ನು ಅಲ್ಲಿ ಸಣ್ಣ ಮಕ್ಕಳೂ ಹೇಳುತ್ತಾರೆ. ರಾಜರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅವರಿಗಿಂತ ಮೊದಲು ಈ ನಾಯಿಯನ್ನು ಕಾಪಾಡಿಕೊಂಡು ಬಂದ ಬೇಡರನ್ನು ಯಾರೂ ಜಾಸ್ತಿ ನೆನೆಯುವುದಿಲ್ಲ. ಶಸ್ತ್ರ ಒಪ್ಪಿಸಿ ಅನ್ನುವ ಬ್ರಿಟಿಷರ ಹುಕುಂ ವಿರುದ್ಧ 1857ರಲ್ಲಿ ಸಿಡಿದೆದ್ದ ಬೇಡರ ಹಲಗಲಿಯೂ ಇದೇ ಮುಧೋಳ ತಾಲ್ಲೂಕಿನಲ್ಲಿದೆ.

ಬೇಟೆ ಈಗ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೊಲವನ್ನಾಗಲಿ, ಕೃಷ್ಣಮೃಗವನ್ನಾಗಲಿ ಮುಟ್ಟುವಂತಿಲ್ಲ. ಅದು ಸರಿಯಾದ ಕಾನೂನು, ಇರಲೇಬೇಕಾದದ್ದು. ಆದರೆ ಕೆಲಸ ಹೋದರೂ ಕೆಲಸಕ್ಕೆಂದು ಕಟ್ಟಿದ ಮೈ ಹೋಗಲಿಲ್ಲ. ಜತೆಗೆ ಬಯಲೂ ಕಡಿಮೆಯಾಯಿತು. ಘಟಪ್ರಭೆಯ ನೀರು ಹರಿದ ಕಡೆಯೆಲ್ಲ ಕಬ್ಬು. ಜೋಳದ ಕೂಳೆ ಹೊಲದಲ್ಲಿ ಮೈಲಿ ದೂರ ಕಾಣುತ್ತಿತ್ತು, ಆಳೆತ್ತರದ ಕಬ್ಬಿನಲ್ಲಿ ಹತ್ತು ಹೆಜ್ಜೆ ಆಚೆಗಿನದೂ ಕಾಣುವುದಿಲ್ಲ. ಕಣ್ಣಿನಿಂದ ಬದುಕುವ ನಾಯಿಗೆ ಇದು ಸಣ್ಣ ಬದಲಾವಣೆಯಲ್ಲ.

ಅದು ಓಡುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಧಾರವಾಡದಿಂದ ಪೂರ್ವಕ್ಕೆ ಹೋದರೆ ಎರೆ ನೆಲ ಸಿಗುತ್ತದೆ. ನಮ್ಮ ಪರಿಚಯದವರ ಹೊಲಕ್ಕೆ ಸುತ್ತ ಬೇಲಿ ಇದೆ. ಹಿಂಗಾರಿ ಜೋಳ ಕೊಯ್ದ ಮೇಲೆ ಚಿಗರಿಯನ್ನು ಬೆಳಗಿನ ಜಾವ ಅಲ್ಲಿಗೆ ಕರೆದೊಯ್ಯುತ್ತೇವೆ. ಕುತ್ತಿಗೆ ಪಟ್ಟಿ ಬಿಚ್ಚಿದ ತಕ್ಷಣ ಅವಳು ಓಡುವುದಿಲ್ಲ. ನಿಲ್ಲುತ್ತಾಳೆ. ಕುತ್ತಿಗೆ ಎತ್ತಿ ಬಯಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡುತ್ತಾಳೆ. ಕಿವಿ ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಹಿಂಗಾಲಿನ ತೊಡೆ ಒಮ್ಮೆ ನಡುಗುತ್ತದೆ. ಆಮೇಲೆ ಹೊರಡುತ್ತಾಳೆ. ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬರುತ್ತದೆ, ಮರುಕ್ಷಣ ಇಡೀ ಮೈ ನೇರ ಚಾಚುತ್ತದೆ. ಈ ಬಗೆಯ ನಾಯಿಗಳ ಓಟದಲ್ಲಿ ಹೆಜ್ಜೆಯ ಪ್ರತಿ ಸುತ್ತಿನಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಮೈ ಕುಗ್ಗಿದಾಗ ಒಮ್ಮೆ, ಚಾಚಿದಾಗ ಒಮ್ಮೆ. ಮೊಬೈಲಿನಲ್ಲಿ ನಿಧಾನ ಮಾಡಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ.

ಎರಡು ಮೂರು ದೊಡ್ಡ ಸುತ್ತು, ಅಷ್ಟೇ. ನಾಲಿಗೆ ಚಾಚಿಕೊಂಡು ಬಂದು ನನ್ನ ಕಾಲ ಹತ್ತಿರ ನಿಲ್ಲುತ್ತಾಳೆ. ಇಡೀ ದಿನ ಓಡಿಸಬೇಕು ಅಂತ ಜನ ತಿಳಿದಿದ್ದಾರೆ, ಹಾಗಲ್ಲ. ಇದು ಜೋರಾಗಿ ಸ್ವಲ್ಪ ಹೊತ್ತು ಓಡಿ, ಆಮೇಲೆ ಮಲಗುವ ಪ್ರಾಣಿ. ಮನೆಗೆ ಬಂದು ಉಂಡು ಮಲಗಿದರೆ ಸಂಜೆಯವರೆಗೆ ಇದ್ದಾಳೆ ಅನ್ನೋದೇ ಗೊತ್ತಾಗುವುದಿಲ್ಲ. ಆ ಸ್ವಲ್ಪ ಹೊತ್ತಿನ ಓಟ ಸಿಗದ ದಿನಗಳು ಸಾಲಾಗಿ ಬಂದರೆ ಮಾತ್ರ ಬೇರೆಯೇ ನಾಯಿ ಕಾಣುತ್ತೀರಿ. ಮಳೆ ಹಿಡಿದು ವಾರಗಟ್ಟಲೆ ಹೊರಗೆ ಬಿಡಲಾಗದಿದ್ದಾಗ ಚಿಗರಿ ಬಾಗಿಲಿನ ಚೌಕಟ್ಟು ಕಡಿದಿದ್ದಾಳೆ, ಊಟ ಬಿಟ್ಟಿದ್ದಾಳೆ, ಮುಂಗಾಲನ್ನು ನೆಕ್ಕಿ ನೆಕ್ಕಿ ಹುಣ್ಣು ಮಾಡಿಕೊಂಡಿದ್ದಾಳೆ. ಅದು ಹಟ ಅಂತ ಬೈದರೆ ಪ್ರಯೋಜನವಿಲ್ಲ.

ಇನ್ನು ಮನುಷ್ಯರ ಜತೆಗಿನ ಸ್ವಭಾವ. ಲ್ಯಾಬ್ರಡಾರ್ ಸಾಕಿ ಅಭ್ಯಾಸವಾದವರಿಗೆ ಮುಧೋಳ ನಾಯಿ ಬೇಸರ ತರಿಸಬಹುದು. ಬಾಲ ಅಲ್ಲಾಡಿಸಿಕೊಂಡು ಎಲ್ಲರ ಮೇಲೂ ಹಾರುವುದಿಲ್ಲ. ಬಂದವರನ್ನು ದೂರದಿಂದ ನೋಡುತ್ತದೆ. ಮುಟ್ಟಲು ಕೈ ಚಾಚಿದರೆ ತಲೆ ಪಕ್ಕಕ್ಕೆ ಸರಿಸುತ್ತದೆ. ಅದು ಅಹಂಕಾರವಲ್ಲ, ಹೆದರಿಕೆಯೂ ಅಲ್ಲ. ಅದಕ್ಕೆ ಸ್ವಲ್ಪ ಹೊತ್ತು ಬೇಕು. ಆ ಹೊತ್ತು ಕೊಟ್ಟವರ ಪಕ್ಕಕ್ಕೆ ತಾನಾಗಿಯೇ ಬಂದು ಮೈ ಒರಗಿಸಿ ನಿಲ್ಲುತ್ತದೆ. ನಮ್ಮ ಮನೆಗೆ ಹಾಲು ತರುವ ಅಜ್ಜ ಅವಳನ್ನು ಒಂದು ದಿನವೂ ಕರೆದವರಲ್ಲ. ಚೊಂಬು ಕೆಳಗಿಟ್ಟು ಸುಮ್ನೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಹೊರಗಿನವರಲ್ಲಿ ಚಿಗರಿ ಮೊದಲು ಹಚ್ಚಿಕೊಂಡದ್ದು ಅವರನ್ನೇ.

ಮಾವ ಅವಳನ್ನು ನಮ್ಮ ಕೈಗೆ ಕೊಡುವಾಗ ಹೇಳಿದ್ದು ನನಗೆ ಈಗಲೂ ಉಪಯೋಗಕ್ಕೆ ಬರುತ್ತದೆ. “ನೋಡವ್ವಾ, ಇದಕ್ಕ ಬಡೀಬ್ಯಾಡ್ರಿ. ಒಮ್ಮೆ ಬಡದ್ರ ಮರಿಯಾಂಗಿಲ್ಲ. ಹಗಲೆಲ್ಲ ಕಟ್ಟೂ ಹಾಕಬ್ಯಾಡ್ರಿ, ಎದಿ ಒಡಕೊಂತೈತಿ.” ತಳಿಯ ಬಗ್ಗೆ ಆಮೇಲೆ ನಾನು ಓದಿದ್ದು, ಡಾಕ್ಟರ ಬಾಯಲ್ಲಿ ಕೇಳಿದ್ದು, ಎಲ್ಲವೂ ಇದನ್ನೇ ಹೇಳಿತು. ಈ ನಾಯಿಗೆ ಗದರಿಕೆ ಒಗ್ಗುವುದಿಲ್ಲ. ಜೋರು ಮಾಡಿದರೆ ಕಲಿಯುವುದಿಲ್ಲ, ಮುದುಡುತ್ತದೆ. ಮುದುಡಿದ ನಾಯಿ ಒಂದು ದಿನ ಮೂಲೆಗೆ ಸಿಕ್ಕಿಕೊಂಡಾಗ ಕಚ್ಚುತ್ತದೆ. ಆಗ “ಮುಧೋಳ ನಾಯಿ ಭಾಳ ಕೆಟ್ಟದ್ದು” ಅನ್ನುವ ಮಾತು ಹುಟ್ಟುತ್ತದೆ.

ಮರಿ ಹುಟ್ಟಿದ ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗಿನ ಸಮಯ ಇಲ್ಲಿ ತುಂಬಾ ಮುಖ್ಯ. ಎಲ್ಲ ನಾಯಿಗಳಿಗೂ ಮುಖ್ಯವೇ, ಆದರೆ ಹುಟ್ಟಿನಿಂದಲೇ ದೂರ ಇರುವ ತಳಿಗೆ ಇನ್ನೂ ಜಾಸ್ತಿ. ಆ ದಿನಗಳಲ್ಲಿ ಮಕ್ಕಳ ಗದ್ದಲ, ಕುಕ್ಕರ್ ಸೀಟಿ, ಬೈಕ್, ಕೊಡೆ, ಟೋಪಿ ಹಾಕಿದವರು, ಇಂಜೆಕ್ಷನ್ ಕೊಡುವವರು, ಎಲ್ಲವನ್ನೂ ಭಯವಿಲ್ಲದೆ ನೋಡಿದ ಮರಿ ಮುಂದೆ ನೆಮ್ಮದಿಯಿಂದ ಬದುಕುತ್ತದೆ. ಹೊಲದ ಮನೆಯ ಗೂಡಿನಲ್ಲಿ ನಾಲ್ಕು ತಿಂಗಳು ಯಾರನ್ನೂ ಕಾಣದೆ ಬೆಳೆದು, ನೇರ ಬೆಂಗಳೂರಿನ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಬಂದ ಮರಿಯ ಪಾಡು ನೆನೆದರೆ ಸಂಕಟವಾಗುತ್ತದೆ. ಕಾಲಿನ ಉಗುರು ಕತ್ತರಿಸಲೂ, ಕಿವಿಯೊಳಗೆ ನೋಡಲೂ, ಬಾಯಿ ತೆರೆಸಲೂ ಮರಿಯಿದ್ದಾಗಲೇ ರೂಢಿ ಮಾಡಿಸಬೇಕು. ಮೈ ಮುಟ್ಟಿಸಿಕೊಳ್ಳದ ನಾಯಿಗೆ ಕಾಯಿಲೆ ಬಂದರೆ ಡಾಕ್ಟ್ರು ಏನು ತಾನೇ ನೋಡಿಯಾರು?

ಕಾವಲಿನ ವಿಷಯ. ದೊಡ್ಡ ನಾಯಿ, ಭುಜದ ಹತ್ತಿರ ಎರಡು ಅಡಿಗೂ ಮಿಕ್ಕ ಎತ್ತರ, ನೋಡಿದವರು ಗೇಟಿನಾಚೆ ನಿಲ್ಲುತ್ತಾರೆ. ಅಷ್ಟು ಸಾಕು ಅನ್ನುವವರಿಗೆ ಸರಿ. ಆದರೆ ಜರ್ಮನ್ ಶೆಫರ್ಡ್ ಥರ ಹೇಳಿದ್ದನ್ನು ಕೇಳಿ ಕೆಲಸ ಮಾಡುವ ನಾಯಿ ಇದಲ್ಲ. ಕಣ್ಣಿಗೆ ಓಡುವ ಆಡು ಬಿದ್ದ ಮೇಲೆ ನಿಮ್ಮ ದನಿ ಅದರ ಕಿವಿಗೆ ಬೀಳುವುದಿಲ್ಲ. ಬೇಲಿ ಇಲ್ಲದ ಕಡೆ ಪಟ್ಟಿ ಬಿಚ್ಚಬಾರದು ಅನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಆ ವೇಗದಲ್ಲಿ ಒಮ್ಮೆ ಹೆದ್ದಾರಿ ಕಡೆ ತಿರುಗಿದರೆ ಮುಗಿಯಿತು. ಪಟ್ಟಿಯ ಬಗ್ಗೆಯೂ ಒಂದು ಮಾತು. ಈ ನಾಯಿಯ ತಲೆ ಕುತ್ತಿಗೆಗಿಂತ ಸಪೂರ. ಹಾಗಾಗಿ ಅಂಗಡಿಯಲ್ಲಿ ಸಿಗುವ ಸಾದಾ ಪಟ್ಟಿಯಿಂದ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಳ್ಳುತ್ತದೆ. ಮಾರ್ಟಿಂಗೇಲ್ ಅನ್ನುವ ಅಗಲ ಪಟ್ಟಿ ಬರುತ್ತದೆ. ಜಗ್ಗಿದಾಗ ಸ್ವಲ್ಪ ಬಿಗಿಯಾಗುತ್ತದೆ, ಉಸಿರು ಕಟ್ಟಿಸುವುದಿಲ್ಲ. ಅದನ್ನೇ ತನ್ನಿ.

ಆರೋಗ್ಯಕ್ಕೆ ಬಂದರೆ ಮೊದಲ ಜಗಳ ತೂಕದ್ದು. “ಅಕ್ಕಾರ, ನಾಯಿಗಿ ಕೂಳ ಹಾಕೂದಿಲ್ಲೇನ್ರಿ? ಎಲಬು ಎಣಸಬಹುದು ನೋಡ್ರಿ” ಅಂತ ಓಣಿಯಲ್ಲಿ ಎಷ್ಟು ಜನ ಕೇಳಿದ್ದಾರೋ. ಅವರ ಕಾಳಜಿ ನಿಜವಾದದ್ದೇ. ಆದರೆ ಆರೋಗ್ಯವಂತ ಮುಧೋಳ ನಾಯಿಯ ಕೊನೆಯ ಎರಡು ಮೂರು ಪಕ್ಕೆಲುಬು ಕಾಣಬೇಕು. ಸೊಂಟದ ಎಲುಬಿನ ತುದಿಯೂ ಸ್ವಲ್ಪ ಕಾಣುತ್ತದೆ. ನೋಡಬೇಕಾದದ್ದು ಬೆನ್ನಿನ ಎರಡು ಬದಿಯ ಮಾಂಸ ಮತ್ತು ತೊಡೆ. ಅಲ್ಲಿ ಗಟ್ಟಿಯಾಗಿ ತುಂಬಿಕೊಂಡಿದ್ದರೆ ನಾಯಿ ಚೆನ್ನಾಗಿದೆ. ಅಲ್ಲಿ ಗುಂಡಿ ಬಿದ್ದಿದ್ದರೆ ಉಪವಾಸವೋ, ಹುಳುವೋ, ಕಾಯಿಲೆಯೋ ಇದೆ. ಪಕ್ಕೆಲುಬು ಮುಚ್ಚುವವರೆಗೆ ತಿನ್ನಿಸಿದರೆ ಆ ಸಪೂರ ಕಾಲುಗಳ ಮೇಲೆ ಭಾರ ಬೀಳುತ್ತದೆ. ಈ ಬಗೆಯ ಓಟದ ನಾಯಿಗಳಲ್ಲಿ ಸೊಂಟದ ಕೀಲಿನ ತೊಂದರೆ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳಲ್ಲಿ ಕಾಣುವಷ್ಟು ಕಾಣುವುದಿಲ್ಲ. ಅದು ಇವುಗಳ ಪುಣ್ಯ. ಬೊಜ್ಜು ಬರಿಸಿ ಆ ಪುಣ್ಯ ಕಳೆಯಬಾರದು.

ಮಾವನ ಊರಲ್ಲಿ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಹಾಕುತ್ತಾರೆ. ಅನುಕೂಲವಿದ್ದರೆ ಮೊಟ್ಟೆ. ದೊಡ್ಡ ನಾಯಿಗೆ ಅದು ನಡೆದುಹೋಗುತ್ತದೆ, ಬೆಳೆಯುವ ಮರಿಗೆ ಸಾಲದು. ಬರೀ ಕಾಳಿನ ಊಟದಲ್ಲಿ ಸುಣ್ಣದಂಶ ಕಡಿಮೆ, ಮರಿಯ ಕಾಲು ಸೊಟ್ಟಗಾಗಬಹುದು. ಬರೀ ಮಾಂಸ ಹಾಕಿದರೂ ಅದೇ ತೊಂದರೆ. ಪೇಟೆಯಲ್ಲಿ ಇದರ ತದ್ವಿರುದ್ಧ. ಒಳ್ಳೆಯ ಪಪ್ಪಿ ಫುಡ್ ಹಾಕುತ್ತಾರೆ, ಅದರ ಮೇಲೆ ಕ್ಯಾಲ್ಸಿಯಂ ಟಾನಿಕ್ ಬಾಟಲಿಗಟ್ಟಲೆ ಕುಡಿಸುತ್ತಾರೆ. ದೊಡ್ಡ ತಳಿಯ ಮರಿಗಳಿಗೆ ಹೆಚ್ಚಾದ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಮರಿಯ ಮೈಗೆ ಹೆಚ್ಚಾದದ್ದನ್ನು ಬೇಡ ಅನ್ನಲು ಬರುವುದಿಲ್ಲ, ಎಲ್ಲ ಹೀರಿಕೊಳ್ಳುತ್ತದೆ. ಡಾಕ್ಟ್ರು ಬರೆದುಕೊಡದೆ ಟಾನಿಕ್ ಕೊಡಬೇಡಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಎಲುಬಿನ ತುದಿಗಳು ಕೂಡಿಕೊಳ್ಳಲು ಒಂದು ವರ್ಷಕ್ಕೂ ಜಾಸ್ತಿ ಬೇಕಾಗುತ್ತದೆ. ಅಲ್ಲಿಯವರೆಗೆ ಮರಿ ತನ್ನ ಮನಸ್ಸಿಗೆ ಬಂದಷ್ಟು ಓಡಲಿ. ಬೈಕಿಗೆ ಕಟ್ಟಿಕೊಂಡು ಓಡಿಸುವವರನ್ನು ಕಂಡರೆ ಮಾತ್ರ ನಿಲ್ಲಿಸಿ ಹೇಳಿ.

ಈಗ ಎಲ್ಲಕ್ಕಿಂತ ಮುಖ್ಯ ವಿಷಯ, ಅರಿವಳಿಕೆ. ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಮುಧೋಳ, ರಾಜಪಾಳ್ಯಂ, ಚಿಪ್ಪಿಪಾರೈ, ಗ್ರೇಹೌಂಡ್ ಥರದ ಓಟದ ನಾಯಿ ಇದ್ದರೆ ಬೇರೆಲ್ಲ ಮರೆತರೂ ಇದನ್ನು ನೆನಪಿಡಿ. ಥಯೋಪೆಂಟೋನ್ ಥರದ ಬಾರ್ಬಿಟ್ಯುರೇಟ್ ಔಷಧ ಕೊಟ್ಟಾಗ ಅದು ಮೊದಲು ಮಿದುಳಿಗೆ ಹೋಗುತ್ತದೆ, ನಾಯಿ ಮಲಗುತ್ತದೆ. ಆಮೇಲೆ ಔಷಧ ಮಿದುಳಿನಿಂದ ಮಾಂಸಕ್ಕೆ, ಕೊಬ್ಬಿಗೆ ಹರಡಿದಂತೆ ನಾಯಿ ಎಚ್ಚರವಾಗುತ್ತದೆ. ಕೊನೆಗೆ ಯಕೃತ್ತು ಅದನ್ನು ಕರಗಿಸಿ ಹೊರಹಾಕುತ್ತದೆ. ಗ್ರೇಹೌಂಡ್ ಜಾತಿಯ ನಾಯಿಗಳಲ್ಲಿ ಕೊಬ್ಬು ತೀರಾ ಕಡಿಮೆ, ಯಕೃತ್ತಿನ ಆ ಕೆಲಸವೂ ನಿಧಾನ. ಹಾಗಾಗಿ ಲ್ಯಾಬ್ರಡಾರ್ ಎದ್ದು ಓಡಾಡುವ ಹೊತ್ತಿಗೆ ಇವು ಇನ್ನೂ ಗಂಟೆಗಟ್ಟಲೆ ಬಿದ್ದಿರುತ್ತವೆ. ಮೈ ತಣ್ಣಗಾಗುತ್ತದೆ. ಜೀವಕ್ಕೇ ಅಪಾಯವಾಗಬಹುದು. ಪ್ರೊಪೊಫಾಲ್, ಐಸೊಫ್ಲೂರೇನ್ ಗ್ಯಾಸ್ ಥರದ ಬೇರೆ ದಾರಿಗಳಿವೆ. ಅವೂ ಸಲೀಸಲ್ಲ, ಆದರೆ ಇವುಗಳಿಗೆ ವಾಸಿ.

ಚಿಗರಿಗೆ ಮರಿಯಾಗದಂತೆ ಆಪರೇಶನ್ ಮಾಡಿಸುವಾಗ ನಮ್ಮ ಡಾಕ್ಟ್ರು ನಾನು ಕೇಳುವ ಮೊದಲೇ ಇದನ್ನೆಲ್ಲ ವಿವರಿಸಿದರು. ಟೇಬಲ್ಲಿನ ಮೇಲೆ ದಪ್ಪ ಕಂಬಳಿ ಹಾಸಿಸಿದರು. ಕಾಲುಗಳಿಗೆ ಉಣ್ಣೆಯ ಕಾಲುಚೀಲ ತೊಡಿಸಿದರು. ಆಪರೇಶನ್ ಮುಗಿದ ಮೇಲೆ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಅವಳ ಬೆನ್ನಿಗೆ ಆನಿಸಿದರು. ಬಾಟಲಿ ನೇರ ತಗುಲಿದರೆ ಆ ತೆಳು ಚರ್ಮ ಸುಡುತ್ತದೆ, ಅದಕ್ಕೇ ಬಟ್ಟೆ. ಪೂರ್ತಿ ಎದ್ದು ನಿಂತು, ನಾಲ್ಕು ಹೆಜ್ಜೆ ಹಾಕಿದ ಮೇಲೆಯೇ ಮನೆಗೆ ಕಳಿಸಿದ್ದು. ಎಲ್ಲ ಕಡೆ ಇಷ್ಟು ತಿಳಿದ ಡಾಕ್ಟ್ರು ಸಿಗುತ್ತಾರೆ ಅಂತ ಹೇಳಲಾಗದು. ಕೇಳುವುದು ಸಾಕಿದವರ ಹಕ್ಕು. “ಯಾವ ಅರಿವಳಿಕೆ ಕೊಡ್ತೀರಿ ಸರ್? ಇದು ಗ್ರೇಹೌಂಡ್ ಥರದ್ದು” ಅಂತ ಒಂದು ಮಾತು ಕೇಳಿದರೆ ಒಳ್ಳೆಯ ಡಾಕ್ಟ್ರು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ರಕ್ತ ಪರೀಕ್ಷೆಯಲ್ಲೂ ಇಂಥದ್ದೇ ಸೂಕ್ಷ್ಮ ಇದೆ. ಗ್ರೇಹೌಂಡ್‌ಗಳ ರಕ್ತದಲ್ಲಿ ಕೆಂಪು ಕಣಗಳ ಪಾಲು ಬೇರೆ ನಾಯಿಗಳಿಗಿಂತ ಜಾಸ್ತಿ, ಪ್ಲೇಟ್‌ಲೆಟ್ ಕಡಿಮೆ, ಥೈರಾಯ್ಡ್ ಅಂಕಿಯೂ ಕಡಿಮೆ. ಎಲ್ಲ ನಾಯಿಗಳಿಗೂ ಅಂತ ಮಾಡಿದ ಅಂಕಿಗಳ ಪಟ್ಟಿ ಇಟ್ಟುಕೊಂಡು ನೋಡಿದರೆ ಆರೋಗ್ಯವಂತ ನಾಯಿಯೇ ರೋಗಿಯಾಗಿ ಕಾಣುತ್ತದೆ. ಅದಕ್ಕಿಂತ ಅಪಾಯ ಇನ್ನೊಂದಿದೆ. ರಕ್ತ ಕಡಿಮೆಯಾದ ನಾಯಿ ಪಟ್ಟಿಯಲ್ಲಿ ಸರಿಯಾಗಿಯೇ ಇದೆ ಅಂತ ಕಾಣಬಹುದು. ನಮ್ಮಲ್ಲಿ ಉಣ್ಣಿ ಹುಳ ಕಚ್ಚಿ ಬರುವ ಜ್ವರ ವರ್ಷಪೂರ್ತಿ ಇರುವುದರಿಂದ ಇದು ಪುಸ್ತಕದ ಮಾತಲ್ಲ. ಅದರಲ್ಲಿ ಎರಡು ಬಗೆ: ಎರ್ಲಿಕಿಯಾ ಬಂದಾಗ ಪ್ಲೇಟ್‌ಲೆಟ್ ಬೀಳುತ್ತದೆ, ಬಬೇಸಿಯಾ ಬಂದಾಗ ಕೆಂಪು ಕಣ ಒಡೆಯುತ್ತದೆ. ಬಿದ್ದದ್ದು ಎಷ್ಟು ಅಂತ ತಿಳಿಯಬೇಕಾದರೆ ಆ ನಾಯಿಗೆ ಸಹಜವಾಗಿ ಎಷ್ಟಿರುತ್ತದೆ ಅನ್ನುವುದು ಗೊತ್ತಿರಬೇಕಲ್ವಾ? ಅದಕ್ಕೆ ನಾಯಿ ಚೆನ್ನಾಗಿದ್ದಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಆ ಕಾಗದ ಜೋಪಾನವಾಗಿ ಇಡಿ. ಚಿಗರಿಗೆ ಒಮ್ಮೆ ಜ್ವರ ಬಂದು ಮಂಕಾದಾಗ ಹಳೆಯ ಕಾಗದ ಪಕ್ಕಕ್ಕಿಟ್ಟು ನೋಡಿದ್ದರಿಂದಲೇ ವ್ಯತ್ಯಾಸ ತಿಳಿದು ಬೇಗ ಔಷಧಿ ಶುರುವಾಯಿತು.

ಚರ್ಮದ ಕಥೆ ಬೇರೆ. ಮೇಲೆ ಗಿಡ್ಡ ಕೂದಲು, ಕೆಳಗೆ ಕೊಬ್ಬಿಲ್ಲ. ಜಾಲಿಮುಳ್ಳಿಗೆ ತಾಗಿದರೂ ಹರಿಯುತ್ತದೆ. ಒಂದು ಸಲ ಮುಳ್ಳುತಂತಿಗೆ ಚಿಗರಿಯ ತೊಡೆ ಸಿಕ್ಕಿ ಅಂಗೈ ಅಗಲದ ಚರ್ಮ ಮೂರು ಕಡೆ ಹರಿದು ಜೋತಾಡುತ್ತಿತ್ತು. ಕೆಳಗಿನ ಮಾಂಸ ಕೆಂಪಗೆ ಹೊಳೆಯುತ್ತಿತ್ತು, ರಕ್ತ ಮಾತ್ರ ಅಂದುಕೊಂಡಷ್ಟು ಇರಲಿಲ್ಲ. ಅವಳು ಅಳಲೂ ಇಲ್ಲ. ಹಿಂಗಾಲು ಸ್ವಲ್ಪ ಎತ್ತಿಕೊಂಡು ಬಂದು ನಿಂತಳು, ಅಷ್ಟೇ. ಇಂಥ ಗಾಯಕ್ಕೆ ಅರಿಶಿನ ಮೆತ್ತಿ ಬಿಡುವ ರೂಢಿ ಹಳ್ಳಿಯಲ್ಲಿದೆ. ಮಾಡಬಾರದು. ಉಪ್ಪುನೀರಿನಿಂದ ತೊಳೆದು, ಒದ್ದೆ ಶುಭ್ರ ಬಟ್ಟೆ ಸುತ್ತಿ, ಆ ದಿನವೇ ಹೊಲಿಗೆ ಹಾಕಿಸಬೇಕು. ತಡವಾದರೆ ಆ ಚರ್ಮ ಸತ್ತುಹೋಗುತ್ತದೆ.

ಆಳವಾದ ಎದೆಯ ನಾಯಿಗಳಿಗೆಲ್ಲ ಇರುವ ಭಯ ಹೊಟ್ಟೆ ತಿರುಚಿಕೊಳ್ಳುವುದು. ಹೊಟ್ಟೆಯಲ್ಲಿ ಗಾಳಿ ತುಂಬಿ, ಜಠರ ತನ್ನ ಸುತ್ತ ತಾನೇ ತಿರುಗಿ, ರಕ್ತ ಓಡಾಟ ನಿಲ್ಲುತ್ತದೆ. ನಾಯಿ ವಾಂತಿ ಮಾಡಲು ಹೋಗುತ್ತದೆ, ಏನೂ ಬರುವುದಿಲ್ಲ. ಜೊಲ್ಲು ಸುರಿಯುತ್ತದೆ, ಕೂತಲ್ಲಿ ಕೂರುವುದಿಲ್ಲ, ಹೊಟ್ಟೆ ಬಿಗಿಯುತ್ತದೆ. ಬೆಳಗಾಗಲಿ ನೋಡೋಣ ಅಂದರೆ ಬೆಳಗಾಗುವುದರೊಳಗೆ ಎಲ್ಲ ಮುಗಿದಿರುತ್ತದೆ. ದಿನಕ್ಕೆ ಒಂದೇ ದೊಡ್ಡ ಊಟದ ಬದಲು ಎರಡು ಸಣ್ಣ ಊಟ, ಉಂಡ ಮೇಲೆ ಒಂದೆರಡು ಗಂಟೆ ಓಟವಿಲ್ಲ. ನಾವು ಮಾಡಿಕೊಂಡು ಬಂದಿರುವುದು ಇಷ್ಟು.

ಮರಿಗಳನ್ನು ತಿನ್ನುವುದು ಪಾರ್ವೊ ಮತ್ತು ಡಿಸ್ಟೆಂಪರ್ ಅನ್ನುವ ಎರಡು ಅಂಟುರೋಗ. ಆರೆಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರ್ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ, ಮೂರು ತಿಂಗಳಿಗೆ ರೇಬೀಸ್. ಇದರಲ್ಲಿ ಚೌಕಾಸಿ ಬೇಡ.

ಈ ನಾಯಿಗೆ ಹೆಸರು ಬಂದಿದೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟಾಂಪ್ ತಂದಿತು. 2016ರ ಹೊತ್ತಿಗೆ ಸೇನೆಯವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ತಮ್ಮ ರೇಡಿಯೋ ಭಾಷಣದಲ್ಲಿ ಇದರ ಹೆಸರು ಹೇಳಿದರು. 2021ರಲ್ಲಿ ರನ್‌ವೇ ಮೇಲೆ ಕೂರುವ ಹಕ್ಕಿಗಳನ್ನು ಓಡಿಸಲು ವಾಯುಪಡೆಯೂ ಮರಿಗಳನ್ನು ಪಡೆಯಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶು ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಅಲ್ಲಿ ತಳಿಯ ಗುಣ ಉಳಿಸುವ ಕೆಲಸ ನಡೆಯುತ್ತಿದೆ, ಮರಿಗಳೂ ಸಿಗುತ್ತವೆ. ಸುತ್ತಲಿನ ಊರುಗಳ ಎಷ್ಟೋ ಬಡ ಕುಟುಂಬಗಳಿಗೆ ಮರಿ ಮಾರಾಟದಿಂದ ನಾಲ್ಕು ಕಾಸು ಬರುತ್ತದೆ. ಅದು ಸಂತೋಷದ ವಿಷಯ.

ಬೇಸರದ್ದೂ ಇದೆ. ಬೇಡಿಕೆ ಏರಿದ ಮೇಲೆ ತಿಂಗಳ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ರಾತ್ರಿ ಬಸ್ಸಿಗೆ ಹತ್ತಿಸುವವರು ಹುಟ್ಟಿಕೊಂಡಿದ್ದಾರೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಅಂತ 2017ರ ಕೇಂದ್ರ ಸರ್ಕಾರದ ನಿಯಮ ಇದೆ. ತಾಯಿಯ ಹಾಲು, ಒಡಹುಟ್ಟಿದವರ ಜತೆ ಕಚ್ಚಾಡಿ ಕಲಿಯುವ ಪಾಠ, ಎರಡೂ ಆ ವಾರಗಳಲ್ಲೇ ಸಿಗಬೇಕು. ಅದನ್ನು ಕಿತ್ತುಕೊಂಡರೆ ಮರಿಯ ಮೈಯಲ್ಲಿ ರೋಗ ತಡೆಯುವ ಶಕ್ತಿಯೂ ಇರುವುದಿಲ್ಲ, ಮನಸ್ಸಿನಲ್ಲಿ ಧೈರ್ಯವೂ ಇರುವುದಿಲ್ಲ. ಇನ್ನೊಂದು, ಒಂದೇ ಗಂಡು ನಾಯಿಯನ್ನು ಅದರ ಮಗಳಿಗೆ, ಮೊಮ್ಮಗಳಿಗೆ ಕೂಡಿಸುವುದು. ಊರೊಳಗೆ ಎಲ್ಲರಿಗೂ ಇದು ಗೊತ್ತಿದ್ದೇ ನಡೆಯುತ್ತದೆ. ಮರಿ ತರುವವರು ದಯವಿಟ್ಟು ತಾಯಿಯನ್ನು ನೋಡಿ, ತಂದೆ ಯಾವುದು ಅಂತ ಕೇಳಿ. ತಾಯಿ ನಿಮ್ಮನ್ನು ನೋಡಿ ಮೂಲೆಗೆ ಓಡಿ ನಡುಗುತ್ತಿದ್ದರೆ ಆ ಮರಿ ಬೇಡ. ದೂರ ನಿಂತು ನೆಟ್ಟಗೆ ನೋಡುತ್ತಿದ್ದರೆ ಸರಿಯಾದ ಮನೆಗೇ ಬಂದಿದ್ದೀರಿ.

ಅಪಾರ್ಟ್‌ಮೆಂಟಿನಲ್ಲಿ ಸಾಕಬಹುದಾ ಅಂತ ಕೇಳುತ್ತಾರೆ. ಮನೆಯ ಅಳತೆ ದೊಡ್ಡ ವಿಷಯವಲ್ಲ. ಬೇಲಿ ಇರುವ ಬಯಲು ಹತ್ತಿರದಲ್ಲಿದೆಯಾ, ಬೆಳಗ್ಗೆ ಬೇಗ ಏಳುವವರು ಮನೆಯಲ್ಲಿ ಇದ್ದಾರಾ, ಹನ್ನೆರಡು ಹದಿಮೂರು ವರ್ಷ ಇದನ್ನು ನಡೆಸಿಕೊಂಡು ಹೋಗುತ್ತೀರಾ, ಇವು ಮೂರೂ ಹೌದು ಅಂದರೆ ಎರಡು ಕೋಣೆಯ ಮನೆಯಲ್ಲೂ ಸುಖವಾಗಿರುತ್ತದೆ. ಒಂದಾದರೂ ಇಲ್ಲ ಅಂದರೆ ಎಕರೆಗಟ್ಟಲೆ ತೋಟವಿದ್ದೂ ಪ್ರಯೋಜನವಿಲ್ಲ. ತೋಟದಲ್ಲಿ ಒಂಟಿಯಾಗಿ ಸರಪಳಿಗೆ ಬಿದ್ದಿರುವ ಎಷ್ಟೋ ಮುಧೋಳ ನಾಯಿಗಳನ್ನು ನೋಡಿದ್ದೇನೆ.

ಚಿಗರಿಗೆ ಈಗ ವಯಸ್ಸಾಗಿದೆ. ಮೂತಿ ಬೆಳ್ಳಗಾಗಿದೆ. ತೊಡೆಯ ಮಾಂಸ ಸ್ವಲ್ಪ ಇಳಿದಿದೆ. ಗಟ್ಟಿ ನೆಲದ ಮೇಲೆ ಮಲಗಿ ಮೊಣಕೈ ಹತ್ತಿರ ಚರ್ಮ ದಡ್ಡುಗಟ್ಟಿತ್ತು, ದಪ್ಪ ಗಾದಿ ಹಾಕಿದ ಮೇಲೆ ಮೆತ್ತಗಾಯಿತು. ಡಿಸೆಂಬರ್ ಚಳಿ ಅವಳಿಗೆ ತಡೆಯುವುದಿಲ್ಲ, ಹಳೆಯ ಕಂಬಳಿಯನ್ನು ಅವಳ ಮೈ ಅಳತೆಗೆ ಹೊಲಿಸಿದ್ದೇವೆ. ಓಟ ನಿಲ್ಲಿಸಬೇಕಾ ಅಂತ ಡಾಕ್ಟರನ್ನು ಕೇಳಿದೆ. “ನಿಲ್ಲಿಸಬೇಡ್ರಿ, ಅವಳು ಎಷ್ಟು ಓಡ್ತಾಳೋ ಅಷ್ಟು ಸಾಕು. ನಿಂತರೆ ಮಾಂಸ ಹೋಗ್ತದ, ಮಾಂಸ ಹೋದರೆ ಏಳೋದೇ ಕಷ್ಟ” ಅಂದರು. ಹಾಗಾಗಿ ಹೊಲಕ್ಕೆ ಹೋಗುವುದು ತಪ್ಪಿಲ್ಲ. ಮೊದಲು ಅರ್ಧ ಸುತ್ತು ನಡೆಸುತ್ತೇವೆ, ಕಾಲು ಬೆಚ್ಚಗಾದ ಮೇಲೆ ಬಿಡುತ್ತೇವೆ. ಬಿಸಿಲು ಏರುವ ಮೊದಲು ವಾಪಸ್.

ಇನ್ನು ಹಲ್ಲು. ಈ ಬಗೆಯ ನಾಯಿಗಳಿಗೆ ಹಲ್ಲಿನ ಕಾಟ ಬೇಗ ಶುರುವಾಗುತ್ತದೆ, ವಸಡು ಕೊಳೆತರೆ ಆ ಸೋಂಕು ಒಳಗಿನ ಅಂಗಗಳಿಗೂ ತೊಂದರೆ ಕೊಡಬಹುದು. ಅವಳ ಹಿಂದಿನ ಎರಡು ದವಡೆ ಹಲ್ಲು ಕೀಳಿಸಬೇಕಾಗಿದೆ. ಅದಕ್ಕೆ ಮತ್ತೆ ಅರಿವಳಿಕೆ ಬೇಕು. ಈ ವಯಸ್ಸಿಗೆ ಮೊದಲು ಮೂತ್ರಪಿಂಡ, ಹೃದಯ ಎರಡನ್ನೂ ನೋಡಿ ಆಮೇಲೆ ತೀರ್ಮಾನ ಮಾಡೋಣ ಅಂತ ಡಾಕ್ಟ್ರು ಅಂದಿದ್ದಾರೆ. ರಕ್ತ ಕೊಟ್ಟು ಬಂದಿದ್ದೇವೆ, ಹಳೆಯ ಕಾಗದಗಳನ್ನೂ ಅವರ ಕೈಗೆ ಕೊಟ್ಟಿದ್ದೇನೆ. ಎಲ್ಲ ಸರಿಯಿದ್ದರೆ ದೀಪಾವಳಿಯ ಪಟಾಕಿ ಗಲಾಟೆ ಮುಗಿದ ವಾರದಲ್ಲಿ ಹಲ್ಲು ಕೀಳಿಸುವುದು.